ಚಂದಪ್ಪ ಚೀಲ ಹೊರಲಿಲ್ಲ

ಆಳಂದದ ಬ್ಯಾಳಿ ಮಿಲ್ಲಿನ ಹಮಾಲರೊಳಗ ಒಂದು ರೂಢಿ ಇತ್ತು. ಬ್ಯಾನಿ ಬಿದ್ದು ಮನಿಯಾಗ ಕುಂತಾಂವ ತಿರುಗಿ ಬಂದ ದಿನ, ಎಲ್ಲರ ಮುಂದ ಒಂದು ತೊಗರಿ ಚೀಲ ಹೊತ್ತು ಲಾರಿಗೆ ಏರಿಸಬೇಕು. ಏರಿಸಿದರ ಅವನ ಜಾಗಾ ಅವನಿಗೆ, ಇಲ್ಲಂದ್ರ ಟೋಳಿಯಿಂದ ಹೊರಗ. ಇಂಥಾ ರೂಢಿಗೆ ಬೆಂಕಿ ಬೀಳಲಿ.

ನರೋಣಾದ ಚಂದಪ್ಪನ ಹೃದಯದಾಗ ಹುಟ್ಟಿದಾಗಿಂದ ಒಂದು ತೂತು. ಏದುಸಿರು ಬಿಡಕೋತನ ವರ್ಷಗಟ್ಟಲೆ ಆ ಮಿಲ್ಲಿನಾಗ ಚೀಲ ಹೊತ್ತಿದ್ದ. ೧೯೮೮ರಾಗ ಹೈದರಾಬಾದಿನ ಡಾಕ್ಟರು ಎದಿಯ ಎಲುಬು ಸೀಳಿ ಆ ತೂತು ಹೊಲದು ಕಳಿಸಿದರು. ಮನಿಗೆ ಬಂದ ಮ್ಯಾಲೆ ಹೆಂಡತಿ ನಿಂಬೆವ್ವ ಅವನನ್ನ ಹೊರಸಿನಿಂದ ಇಳಿಯಾಕ ಬಿಡಲಿಲ್ಲ. ಎದಿ ಕೊಯ್ದ ಮನಿಷ್ಯಾನ ದುಡಿಮಿ ಮುಗೀತು ಅಂತ ಓಣಿ ಮಂದಿ ಆಕಿ ಕಿವಿ ತುಂಬಿದ್ದರು. ನೋಡಾಕ ಬಂದವರೆಲ್ಲಾ ಡಾಕ್ಟರೇ.

ತಿಳದು ಮಾತಾಡಿದಾಕಿ ಊರ ದವಾಖಾನಿ ನರ್ಸಬಾಯಿ ಗೌಸಿಯಾಬೇಗಂ ಒಬ್ಬಾಕಿನೇ.

"ಮಲಗಿಸಿಟ್ರ ಮೈ ಸೋಲ್ತದ, ನಿಂಬೆವ್ವ. ದಿನಾ ಸ್ವಲ್ಪ ಸ್ವಲ್ಪ ನಡಸು. ಡಾಕ್ಟರು ಹೂಂ ಅಂದ ಮ್ಯಾಲೆ ಕೆಲಸಕ್ಕೂ ಕಳಸು. ಆದ್ರ ಎಲುಬು ಕೂಡೂತನಕ ಭಾರ ಎತ್ತಿಸಬ್ಯಾಡ. ಎದಿ ನೋವು, ದಮ್ಮು, ತಲಿಚಕ್ಕರ ಬಂದ್ರ ಎಲ್ಲಾ ಬಿಟ್ಟು ದವಾಖಾನಿಗೆ ಬರ್ರಿ."

ಚಂದಪ್ಪ ಮೊದಲು ಬಾವಿತನಕ ನಡದ, ಆಮ್ಯಾಲೆ ಬಸ್‌ಸ್ಟ್ಯಾಂಡಿನ ತನಕ. ಹಿಂದ ನಿಂಬೆವ್ವ, ಜೀವ ಕೈಯಾಗ ಹಿಡಕೊಂಡು. ಹೈದರಾಬಾದಿಗೆ ತೋರಿಸಾಕ ಹೋದಾಗ ಡಾಕ್ಟರು, ಹಗುರ ಕೆಲಸ ಮಾಡು, ಚೀಲದ ಮಾತು ಸದ್ಯ ಬ್ಯಾಡ ಅಂದರು.

ಮಿಲ್ಲಿಗೆ ಬಂದರ ಟೋಳಿ ನಡಸೂ ಮುಕಾದಮ ಮಾಳಿಂಗಪ್ಪ ಚೀಲ ತೋರಿಸಿದ.

"ಎತ್ತಲೇ. ಇಲ್ಲಾ ಹೆಂಡ್ತಿ ಜೋಡಿ ರೊಟ್ಟಿ ಬಡಿ."

ಎಲ್ಲರೂ ನಕ್ಕರು. ಚಂದಪ್ಪನ ಕೈ ಚೀಲದ ಕಿವಿತನಕ ಹೋತು. ಅಲ್ಲೇ ನಿಂತಿತು.

"ಚೀಲ ಹೊರೂದಿಲ್ಲ, ಮಾಳಿಂಗಣ್ಣ. ಕೆಲಸಾನೂ ಬಿಡೂದಿಲ್ಲ."

ಅಷ್ಟು ಮಂದಿ ನಗುವಾಗ ಹಂಗ ಅನ್ನಾಕ ಎಂಥಾ ಗುಂಡಿಗಿ ಬೇಕು! ದಬ್ಬಣ, ಸುತಳಿ ತಗೊಂಡು, ಬಾಯಿ ತೆರೆದ ಚೀಲದ ಮುಂದ ಕುಂತು ಹೊಲಿಯಾಕ ಹತ್ತಿದ.

"ಅದು ಮುದುಕರ ಕೆಲಸ," ಅಂದ ಮಾಳಿಂಗಪ್ಪ.

"ನನ್ನ ಎದಿ ಹೊಲದಾಂವ ಮುದುಕ ಇದ್ದಿಲ್ಲ."

ನಗೂದು ನಿಂತಿತು. ಚಂದಪ್ಪ ಹೊಲದು ಮುಗಿಸಿದ ಚೀಲ ಮಾಳಿಂಗಪ್ಪ ಸಿಟ್ಟಿಲೆ ತಾನೇ ಎತ್ತಿ, ಕಟ್ಟಿ ಮ್ಯಾಲಿಂದ ಧೊಪ್ಪಂತ ಒಗೆದ. ಒಂದು ಕಾಳು ಹೊರಗ ಬೀಳಲಿಲ್ಲ. ಬಗ್ಗಿ ಹೊಲಿಗಿ ಮ್ಯಾಲೆ ಕೈಯಾಡಿಸಿ ನೋಡಿದ.

"ನಾಳೆ ಹೊತ್ತಿಗೆ ಸರಿಯಾಗಿ ಬಾ," ಅಂದ.

ಮರುದಿನ ನಿಂಬೆವ್ವ ತಾನೇ ರೊಟ್ಟಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದಳು.

ಓದಾವ್ರೇ, ಕೇಳಾವ್ರೇ, ನಿಮ್ಮ ಮನಿಯಾಗೂ ಹೃದಯದ ಆಪರೇಷನ್ ಆದವರು ಇರಬಹುದು. ಯಾವ ಕೆಲಸ, ಯಾವಾಗ ಅಂತ ಡಾಕ್ಟರನ್ನ ಕೇಳ್ರಿ, ಓಣಿ ಮಂದಿನ್ನಲ್ಲ. ಮಾಲಕರೇ, ಮುಕಾದಮರೇ, ಅವರ ಮೈಗೆ ಒಗ್ಗೂ ಕೆಲಸ ಕೊಡ್ರಿ. ಚೀಲ ತೋರಿಸಿ ಯಾರ ಗಂಡಸ್ತನಾನೂ ಕೇಳಬ್ಯಾಡ್ರಿ.