ಶೇವಂತಿಯ ಹಿಂದಿನ ದನಿ

ಮಾಥೇರಾನಿನಲ್ಲಿ ಆಷಾಢದ ಮಂಜು ಇಳಿಯಿತೆಂದರೆ ಬುದ್ಧಿ ಇದ್ದವರು ಲಾಡ್ಜಿನ ಕಿಟಕಿ ಮುಚ್ಚಿಕೊಂಡು ಈರುಳ್ಳಿ ಭಜಿ ತಿನ್ನುತ್ತಾರೆ. ಡೊಂಬಿವಲಿಯಿಂದ ಬಂದಿದ್ದ ನಾಲ್ವರು ಗೆಳತಿಯರಲ್ಲಿ ಮೂವರು ಅದನ್ನೇ ಮಾಡುತ್ತಿದ್ದರು. ನಾಲ್ಕನೆಯವರಾದ ವೈಜಯಂತಿ ಗುಪ್ತೆ ಮಾತ್ರ ಹಳದಿ ರೇನ್‌ಕೋಟು ತೊಟ್ಟು ಪೇಟೆಯ ನಡುವೆ ನಿಂತು, ಕಣಿವೆಯ ಅಂಚಿನ ಗಿಧಾಡ ಪಾಯಿಂಟಿಗೆ ಹೋಗಿಯೇ ತೀರಬೇಕೆಂದು ಹಟ ಹಿಡಿದಿದ್ದರು. ಮೂವತ್ತಾರು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಹಟದಿಂದ ಇನ್ನೂ ನಿವೃತ್ತರಾಗಿರಲಿಲ್ಲ.

ಅವರಿಗೆ ಸಿಕ್ಕಿದ್ದು ಬಾಡಿಗೆ ಕುದುರೆಯ ಹೌಸಾ. ಮಳೆಗಾಲಕ್ಕೆ ಹೆಚ್ಚಿನವರು ತಮ್ಮ ಕುದುರೆಗಳನ್ನು ಬೆಟ್ಟದ ಕೆಳಗಿನ ನೇರಳಕ್ಕೆ ಹೊಡೆದುಕೊಂಡು ಹೋಗಿದ್ದರು. ಮೇಲೆ ಉಳಿದ ನಾಲ್ಕೈದರಲ್ಲಿ ಹೌಸಾಳ ಶೇವಂತಿಯೂ ಒಂದು. ಕೆಂಚು ಬಣ್ಣದ ಹೆಣ್ಣು ಕುದುರೆ, ಒಂಬತ್ತು ವರ್ಷದ್ದು.

"ಮಂಜಿನಾಗ ಏನ್ ಕಾಣ್ತೈತ್ರೀ ಅಕ್ಕೋರೆ?" ಎಂದಳು ಹೌಸಾ. "ಬಿಳೀ ಗ್ವಾಡಿ ನೋಡಾಕ ಕುದರಿ ಹತ್ತಿ ಹೋಗೂದ್ ಯಾಕ? ಲಾಡ್ಜಿನಾಗೂ ಗ್ವಾಡಿ ಬಿಳೀನ ಐತಿ."

"ಕಾಣ್ಲಿ ಬಿಡ್ಲಿ. ಮೂವತ್ತಾರು ವರ್ಷ ಕರೀ ಹಲಗಿ ಮ್ಯಾಲ ಸಹ್ಯಾದ್ರಿ ಬರದೀನಿ, ಒಮ್ಮೆ ಅದರ ತುದೀಗೆ ನಿಂತು ಬರ್ತೀನಿ. ಆ ಮೂವರಿಗೆ ನೆಗಡಿ ಹೆದರಿಕಿ. ನನಗ ಅವರ ಹರಟಿ ಹೆದರಿಕಿ." ಅಕ್ಕೋರು ಕುದುರೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ದನಿ ಸ್ವಲ್ಪ ಇಳಿಯಿತು. "ಆದ್ರ ನೋಡವಾ, ನಾ ಹುಟ್ಟಿದಾಗಿನಿಂದ ಕುದರಿ ಹತ್ತಿದಾಕಿ ಅಲ್ಲ. ನೀ ಹಿಂದ ಮಾತಾಡ್ತಾ ಇರಬೇಕು. ಮನಷ್ಯಾರ ದನಿ ಕೇಳಿದ್ರ ಜೀವಕ್ಕ ಧೈರ್ಯ."

"ಅದೇನ್ ದೊಡ್ಡ ಮಾತ್ರೀ? ನಾ ಸುಮ್ಮನಿದ್ರ ಈಕಿ ನಡಿಯೂದ ಇಲ್ಲ."

ಇದು ನಗೆಗೆ ಹೇಳಿದ ಮಾತಲ್ಲ. ಉಳಿದ ಕುದುರೆಯವರ ಕೈಯಲ್ಲಿ ಚಾಟಿ ಇರುತ್ತದೆ, ಇಲ್ಲವೇ ಮುಂದೆ ನಿಂತು ಲಗಾಮು ಎಳೆಯುತ್ತಾರೆ. ಹೌಸಾ ಶೇವಂತಿಗೆ ಒಂದು ಏಟೂ ಹೊಡೆದವಳಲ್ಲ. ತಾಯಿ ಸತ್ತ ಮರಿಗೆ ಆಡಿನ ಹಾಲು ಕುಡಿಸಿ, ತನ್ನ ಗುಡಿಸಿಲ ಒಳಗೇ ಮಲಗಿಸಿಕೊಂಡು ಬೆಳೆಸಿದ್ದಳು. ಅದಕ್ಕೆ ಅವಳು ಕಲಿಸಿದ್ದು ಒಂದೇ ಪಾಠ: ಬೆನ್ನ ಹಿಂದೆ ದನಿ ಕೇಳಿದರೆ ನಡೆ. ಬೈಗುಳವೋ ಹಾಡೋ ಬದನೆಕಾಯಿ ರೇಟೋ, ಶೇವಂತಿಗೆ ಎಲ್ಲ ಒಂದೇ. ಬೆನ್ನ ಮೇಲೆ ಕೂತವರ ದನಿ ಮಾತ್ರ ಅದಕ್ಕೆ ಲೆಕ್ಕಕ್ಕಿಲ್ಲ. ಹಿಂದಿನ ದನಿ ನಿಂತರೆ ಅದೂ ನಿಧಾನಿಸಿ, ದಾರಿ ಬದಿಯ ಹುಲ್ಲಿಗೆ ಬಾಯಿ ಹಾಕಿ, ಸುಮ್ಮನೆ ನಿಂತುಬಿಡುತ್ತದೆ. ಪಾಯಿಂಟು ತಲುಪಿದರೆ ತಾನೇ ಹೋಗಿ ಕಬ್ಬಿಣದ ಕಟಾಂಜನಕ್ಕೆ ಎದೆ ತಾಗಿಸಿ ನಿಲ್ಲುತ್ತದೆ. ಬಂದವರು ಫೋಟೋ ತೆಗೆಸಿಕೊಳ್ಳುತ್ತಾರೆ, ಶೇವಂತಿಗೆ ಅಲ್ಲೇ ಒಂದು ಬೆಲ್ಲದ ಉಂಡೆ ಸಿಗುತ್ತದೆ. ಕುದುರೆಯವರೆಲ್ಲ ಹೌಸಾಳನ್ನು ರೇಗಿಸುತ್ತಿದ್ದರು, ನಿನ್ನ ಕುದುರೆಗೆ ಹುಲ್ಲು ಬೇಡ, ನಿನ್ನ ಹರಟೆಯೇ ಸಾಕು ಎಂದು.

ಮಧ್ಯಾಹ್ನ ಮೂರೂವರೆಗೆ ಹೊರಟರು. ಪೇಟೆ ದಾಟಿ ನೇರಳೆ ಮರಗಳ ನಡುವಿನ ಕೆಂಪು ಹಾದಿಗೆ ಬಿದ್ದ ಮೇಲೆ ಮಂಜು ಎಷ್ಟು ದಟ್ಟವಾಯಿತೆಂದರೆ, ಹೌಸಾಳಿಗೆ ಮುಂದಿದ್ದ ಕುದುರೆಯ ಬಾಲ ಕಾಣುತ್ತಿತ್ತು, ಕಿವಿ ಕಾಣುತ್ತಿರಲಿಲ್ಲ. ಅವಳಿಗೆ ಅದು ಹೊಸದಲ್ಲ. ನಾದಿನಿಯ ಗಂಡ ಕುಡಿದು ಅಕ್ಕಿ ಡಬ್ಬಿಯಲ್ಲಿ ಮಲಗಿದ ಕಥೆಯನ್ನು ರಸವತ್ತಾಗಿ ಹೇಳುತ್ತ ನಡೆದಳು. ಅಕ್ಕೋರು ಜೀನಿನ ಮುಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಹೂಂ, ಆಮೇಲೆ, ಹೂಂ ಎನ್ನುತ್ತಿದ್ದರು. ಶೇವಂತಿಯ ಕೊರಳ ಗಂಟೆ ಟಿಣ್ ಟಿಣ್ ಎನ್ನುತ್ತಿತ್ತು.

ಪಾಯಿಂಟಿಗೆ ಇನ್ನೂರು ಮುನ್ನೂರು ಹೆಜ್ಜೆ ಇರುವಾಗ ಭಿಕು ಶೇಲಾರನ ಚಹಾದಂಗಡಿ. ಮಳೆಗಾಲದಲ್ಲಿ ಮುಚ್ಚಿರುವ ಅಂಗಡಿಯ ಮುಂದೆ ಭಿಕು ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಕುಂಟುತ್ತ ಬರುತ್ತಿದ್ದ.

"ಏ ಹೌಸಾ! ಇತ್ಲಾಗ್ ಎಲ್ಲಿಗೆ?"

"ನಿನ್ನ ಮದವೀಗೆ. ಹಗ್ಗ ಯಾಕೋ, ಹೆಣ್ಣಿನವರು ಕಟ್ಟಿ ಹಾಕ್ತಾರಂತನ?" ಹೌಸಾ ನಗುತ್ತ ನಿಂತಳು. ಶೇವಂತಿ ನಿಲ್ಲಲಿಲ್ಲ. ದನಿ ಕೇಳುತ್ತಲೇ ಇತ್ತಲ್ಲ.

ಭಿಕು ನಗಲಿಲ್ಲ. "ಮಸ್ಕರಿ ಬಿಡು. ಗಿಧಾಡ ಪಾಯಿಂಟ್ ಕುಸದೈತಿ. ಬೆಳಗ್ಗೆ ಕಟಾಂಜನ ಸಮೇತ ಆರೇಳು ಅಡಿ ನೆಲ ಕೆಳಗ್ ಹೋತು. ಉಳದ ನೆಲಾನೂ ಬಿರಕ್ ಬಿಟ್ಟು ಕುಂತೈತಿ, ಆಡು ನಿಂತ್ರೂ ಜಾರ್ತೈತಿ. ಹಾದಿಗೆ ಅಡ್ಡ ಹಗ್ಗ ಕಟ್ಟಾಕ ಹೊಂಟೀನಿ. ಹೊಳ್ಳಿ ನಡಿ."

ಹೌಸಾ ಗಕ್ಕನೆ ತಿರುಗಿ ನೋಡಿದಳು. ಹಾದಿಯಲ್ಲಿ ಬರೀ ಬಿಳುಪು. ಗಂಟೆ ಆಗಲೇ ದೂರದಲ್ಲಿ ಕೇಳುತ್ತಿತ್ತು.

ನಿಲ್ಲೇ ಎಂದು ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಭಿಕುವಿಗೂ ವಿಷಯ ಹೊಳೆದು ಅವನು ಕೂಗಲು ಉಸಿರೆಳೆದುಕೊಂಡ. ಹೌಸಾ ಹಾರಿ ಅವನ ಬಾಯಿಗೆ ಅಂಗೈ ಒತ್ತಿದಳು.

"ಉಸರ್ ಎತ್ತಬ್ಯಾಡೋ," ಎಂದು ಪಿಸುಗುಟ್ಟಿದಳು. "ಹಿಂದಿಂದ ದನಿ ಕೇಳಿದ್ರ ಆಕಿ ನಡೀತಾಳ. ಮ್ಯಾಲೆ ಅಕ್ಕೋರು ಕುಂತಾರ. ಹೋಗು, ಪ್ಯಾಟಿಯಿಂದ ಮಂದೀನ್ ಕರಕೊಂಡ್ ಬಾ. ಬಾಯಿ ಮಾಡಬ್ಯಾಡ."

ಚಪ್ಪಲಿ ಅಲ್ಲೇ ಬಿಟ್ಟು, ಸೀರೆಯ ಕಚ್ಚೆ ಮೇಲೆ ಸಿಕ್ಕಿಸಿ, ಬರಿಗಾಲಲ್ಲಿ ಓಡಿದಳು. ಕೆಂಪು ಮಣ್ಣು ಕಾಲಡಿ ಜಾರುತ್ತಿತ್ತು. ಒಮ್ಮೆ ಬಿದ್ದಳು, ಮೊಣಕಾಲು ಕಲ್ಲಿಗೆ ಬಡಿಯಿತು. ಅಯ್ಯೋ ಎನ್ನುವುದನ್ನೂ ಸೆರಗು ಕಚ್ಚಿ ನುಂಗಿಕೊಂಡಳು. ಜೀವಮಾನದಲ್ಲಿ ಒಂದು ತಾಸೂ ಸುಮ್ಮನೆ ಕೂತವಳಲ್ಲ ಅವಳು. ಈಗ ಬಾಯಿ ಬಿಟ್ಟರೆ ಒಬ್ಬರ ಜೀವ ಹೋಗುತ್ತದೆ.

"ಹೌಸಾ?" ಮುಂದಿನಿಂದ ಅಕ್ಕೋರ ದನಿ ಬಂತು. "ಆಮ್ಯಾಲೇನಾತು? ಅಕ್ಕಿ ಡಬ್ಬಿ ಒಳಗ ಮಲಕೊಂಡವ ಎದ್ದನೋ ಇಲ್ಲೋ?"

ಹೌಸಾ ಓಡಿದಳು. ಹೇಗೋ ದನಿ ಬಂದ ದಿಕ್ಕು ಸಿಕ್ಕಿತು.

"ಹೌಸಾ! ಯಾಕ ಸುಮ್ಮನಾದಿ? ಮಸ್ಕರಿ ಮಾಡಬ್ಯಾಡ, ನನಗ ಸೇರೂದಿಲ್ಲ." ಈಗ ದನಿಯಲ್ಲಿ ನಗು ಇರಲಿಲ್ಲ. "ಏ ಹುಡಿಗೀ, ಒಂದ್ ಮಾತಾದ್ರೂ ಆಡು!"

ಮಾತಾಡುತ್ತೇನೆಂದು ಮಾತು ಕೊಟ್ಟಿದ್ದ ಹೌಸಾ ಸೆರಗನ್ನು ಇನ್ನೂ ಬಿಗಿಯಾಗಿ ಕಚ್ಚಿಕೊಂಡು ಓಡಿದಳು. ಆದರೆ ಉಪಾಯ ಫಲಿಸುತ್ತಿತ್ತು. ಗಂಟೆಯ ಸದ್ದು ನಿಧಾನವಾಯಿತು. ಟಿಣ್. ಬಹಳ ಹೊತ್ತಿನ ಮೇಲೆ ಇನ್ನೊಂದು ಟಿಣ್. ಆಮೇಲೆ ನಿಂತೇ ಹೋಯಿತು. ಶೇವಂತಿ ಹುಲ್ಲಿಗೆ ಬಾಯಿ ಹಾಕಿರಬೇಕು. ನನ್ನ ತಾಯಿ, ನನ್ನ ಬಂಗಾರ, ಹಾಗೇ ಇರು ಎಂದು ಹೌಸಾ ಮನಸ್ಸಿನಲ್ಲೇ ಬೇಡಿಕೊಂಡಳು. ಇನ್ನು ಮೂವತ್ತು ಹೆಜ್ಜೆ ಅಷ್ಟೇ. ಲಗಾಮು ಕೈಗೆ ಸಿಕ್ಕರೆ ಸಾಕು.

ಮರಗಳು ಮುಗಿದು ಕಾಲಿಗೆ ಹುಲ್ಲು ತಾಗಿತು. ಪಾಯಿಂಟಿನ ಬಯಲು ಬಂತು. ಇಲ್ಲಿಂದ ಬಲಕ್ಕೆ ಕಟಾಂಜನ ಇದ್ದ ಜಾಗ, ಎಡಕ್ಕೆ ಕಟಾಂಜನವೂ ಇಲ್ಲದ ಇಳಿಜಾರು. ಕಣ್ಣಿಗೆ ಏನೂ ಕಾಣದು. ಹೌಸಾ ಕೈ ಮುಂದೆ ಚಾಚಿಕೊಂಡು, ಒಂದೊಂದೇ ಹೆಜ್ಜೆಯನ್ನು ಒತ್ತಿ ನೋಡಿ ಇಟ್ಟಳು.

ಆಗ ಜೀನು ಕಿರ್ರೆಂದಿತು. ಧೊಪ್ ಎಂಬ ಸದ್ದು.

"ಅಯ್ಯೋ, ಸೊಂಟ!" ಎಂದರು ಅಕ್ಕೋರು. ಮತ್ತೆ ಜೋರಾಗಿ, "ಹೌಸಾ, ಎಲ್ಲಿ ಬಿದ್ದೀಯವಾ? ಹೆದರಬ್ಯಾಡ, ನಾ ಇಳದೀನಿ, ಹುಡಕ್ತೀನಿ!"

ಹೌಸಾ ಇಟ್ಟ ಹೆಜ್ಜೆಯಲ್ಲೇ ನಿಂತಳು. ಈ ಹೆಂಗಸು ತನ್ನನ್ನು ಹುಡುಕಲು ಕುದುರೆಯಿಂದ ಇಳಿದಿದ್ದಾಳೆ! ಉತ್ತರ ಬರದ್ದಕ್ಕೆ ಹೆದರಿ ಅಲ್ಲೇ ಕೂತಿರುತ್ತಾರೆಂದು ಎಣಿಸಿದ್ದಳು. ಹೌಸಾ ಬಿದ್ದಳೆಂದು ಅವರು ಹೆದರುತ್ತಾರೆಂದು ಎಣಿಸಿರಲಿಲ್ಲ.

"ಹೌಸಾ!" ಅಕ್ಕೋರು ಕೂಗಿದರು. ಎದುರು ಬೆಟ್ಟಕ್ಕೆ ತಾಗಿದ ಕೂಗು ಕಣಿವೆಯ ಕಡೆಯಿಂದ ಸಣ್ಣಗೆ ತಿರುಗಿ ಬಂತು.

"ಹಾಂ, ಅಲ್ಲಿದ್ದಿ? ಕೇಳಿಸ್ತು, ಕೇಳಿಸ್ತು. ನರಳಬ್ಯಾಡ, ಬಂದೆ."

ರೇನ್‌ಕೋಟಿನ ಪರಪರ ಸದ್ದು ಎಡಕ್ಕೆ, ಇಳಿಜಾರಿನ ಕಡೆಗೆ ಸರಿಯಿತು. ಒಂದು ಕಲ್ಲು ಕಾಲಿಗೆ ತಾಗಿ ಉರುಳಿತು. ಉರುಳಿದ ಕಲ್ಲು ಎಲ್ಲಿಯೂ ಬಿದ್ದ ಸದ್ದು ಬರಲಿಲ್ಲ.

ಓಡಿ ಹಿಡಿಯಲು ಹೊತ್ತಿಲ್ಲ, ಇನ್ನೂ ಇಪ್ಪತ್ತು ಹೆಜ್ಜೆ ದೂರ. ಬಲಕ್ಕೆ ಶೇವಂತಿ ಮೂಗಿನಲ್ಲಿ ಫುರ್ರೆಂದು ಉಸಿರು ಬಿಟ್ಟಿತು. ಅದೆಲ್ಲಿ ನಿಂತಿದೆ ಎಂಬುದು ಹೌಸಾಳಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಾಯಿತು. ಬೆಲ್ಲದ ಜಾಗಕ್ಕೆ ಹತ್ತು ಹನ್ನೆರಡು ಹೆಜ್ಜೆ ಹಿಂದೆ.

ಬಾಯಿ ಬಿಟ್ಟರೆ ಕುದುರೆ. ಬಿಡದಿದ್ದರೆ ಅಕ್ಕೋರು. ಹೌಸಾ ಯೋಚನೆ ಮಾಡಿದಳೆಂದು ಹೇಳಿದರೆ ಸುಳ್ಳಾಗುತ್ತದೆ, ಯೋಚಿಸಲು ಅಷ್ಟು ಹೊತ್ತೇ ಇರಲಿಲ್ಲ.

"ನಿಲ್ರೀ ಅಕ್ಕೋರೆ! ಹೆಜ್ಜಿ ಎತ್ತಬ್ಯಾಡ್ರಿ!"

ರೇನ್‌ಕೋಟಿನ ಸದ್ದು ನಿಂತಿತು. ಬಲಗಡೆ ಗಂಟೆ ಟಿಣ್ ಟಿಣ್ ಎಂದಿತು. ಎರಡು ಹೆಜ್ಜೆ.

"ಹೌಸಾ? ಎತ್ತಲಾಗ ಇದ್ದೀ? ಎರಡೂ ಕಡೆ ಕೇಳಿಸ್ತದಲ್ಲ!" ಮತ್ತೆ ಪರಪರ ಸದ್ದು. ಅಕ್ಕೋರು ತಿರುಗುತ್ತಿದ್ದರು, ಯಾವ ಕಡೆಗೆಂದು ದೇವರಿಗೇ ಗೊತ್ತು.

"ತಿರಗಬ್ಯಾಡ್ರಿ! ಮುಂದ ಪ್ರಪಾತ ಐತಿ! ನಿಂತಲ್ಲೇ ಕುಂದರ್ರಿ!"

ಟಿಣ್ ಟಿಣ್ ಟಿಣ್. ಶೇವಂತಿಯ ನಡಿಗೆಯಲ್ಲಿ ಈಗ ಉತ್ಸಾಹವಿತ್ತು. ಇಷ್ಟು ಹೊತ್ತು ಕಾಣೆಯಾಗಿದ್ದ ದನಿ ಸಿಕ್ಕಿದೆ, ಬೆಲ್ಲ ಹತ್ತಿರದಲ್ಲಿದೆ. ಹಿಂದಕ್ಕೆ ಬಾ ಎಂಬ ಮಾತನ್ನು ಹೌಸಾ ಅದಕ್ಕೆ ಕಲಿಸಿಯೇ ಇರಲಿಲ್ಲ. ತಿರುಗಿಸಬೇಕಾದಾಗ ತಾನೇ ಹೋಗಿ ಗಲ್ಲ ಸವರಿ ತಿರುಗಿಸುತ್ತಿದ್ದಳು.

"ಕುಂತೆ," ಎಂದರು ಅಕ್ಕೋರು. ಮರುಕ್ಷಣ, "ಹೌಸಾ, ಕಾಲು ಜಾರ್ಲಿಕ್ಕತ್ತದ! ಕುಂತಲ್ಲೇ ಜಾರ್ಲಿಕ್ಕತ್ತದ!"

ಹೌಸಾ ಕಣ್ಣು ಮುಚ್ಚಿದಳು. "ಹಿಂದಕ್ಕ ಮಲಗ್ರಿ! ಅಂಗಾತ ಮಲಗಿ ಹುಲ್ಲು ಹಿಡೀರಿ! ನನ್ನ ದನಿ ಕಡೆ ತಲಿ ಮಾಡ್ರಿ, ನಾ ಬಂದೆ, ಬಂದೆ, ಬಂದೆ!"

ಬಂದೆ ಬಂದೆ ಎನ್ನುತ್ತಲೇ ಎಡಕ್ಕೆ ಓಡಿದಳು. ಬಲಕ್ಕೆ ನೋಡಲಿಲ್ಲ, ನೋಡಿದರೂ ಕಾಣುತ್ತಿರಲಿಲ್ಲ. ಗಂಟೆ ನಾಲ್ಕು ಸಲ ಬಡಿಯಿತು. ಮಣ್ಣು ಸರಸರನೆ ಸರಿದ ಸದ್ದಾಯಿತು, ಗೊರಸುಗಳು ಕಲ್ಲಿನ ಮೇಲೆ ಪರದಾಡಿದವು, ಗಂಟೆ ಒಂದೇ ಸಮನೆ ಗಲಗಲ ಎಂದಿತು. ಆಮೇಲೆ ಮರದಿಂದ ಹನಿ ತೊಟ್ಟಿಕ್ಕುವುದು ಬಿಟ್ಟರೆ ಏನೂ ಇಲ್ಲ.

ಹೌಸಾಳ ಕೈಗೆ ಮೊದಲು ಸಿಕ್ಕಿದ್ದು ಹಳದಿ ರೇನ್‌ಕೋಟಿನ ಕಾಲರು. ಅದನ್ನೇ ಹಿಡಿದು, ಮೊಣಕಾಲೂರಿ, ದೇವರ ಹೆಸರನ್ನೂ ಹೇಳದೆ ಎಳೆದಳು. ಅಕ್ಕೋರ ಒಂದು ಚಪ್ಪಲಿ ಜಾರಿ ಕೆಳಗೆ ಹೋಯಿತು. ಇಬ್ಬರೂ ಉರುಳಿ, ತೆವಳಿ, ಮೊದಲ ಮರದ ಬುಡಕ್ಕೆ ಬಂದು ಅದನ್ನು ತಬ್ಬಿಕೊಂಡು ಕೂತರು. ಅಕ್ಕೋರ ಹಲ್ಲು ಕಟಕಟ ಅನ್ನುತ್ತಿದ್ದವು. ಸ್ವಲ್ಪ ಉಸಿರು ಬಂದದ್ದೇ ತಡ, ಹೌಸಾಳ ಬೆನ್ನಿಗೊಂದು ಗುದ್ದಿದರು.

"ಕತ್ತೀ! ಎಷ್ಟ್ ಕೂಗಿದೆ ನಿನಗ! ಬಾಯಾಗ ಏನ್ ಇಟಗೊಂಡಿದ್ದಿ? ಸತ್ತೇ ಹೋದಿ ಅಂದಕೊಂಡೆ. ನಿನ್ನ ಮನ್ಯಾಗ ಹೋಗಿ ಏನಂತ ಹೇಳ್ಲಿ ಅಂತ..." ಅಷ್ಟರಲ್ಲಿ ಅವರಿಗೇ ಅಳು ಬಂದು, ಗುದ್ದಿದ ಬೆನ್ನನ್ನೇ ಸವರತೊಡಗಿದರು.

ಹೌಸಾ ಬಲಗಡೆಗೆ ಕಿವಿಗೊಟ್ಟು ಕೂತಿದ್ದಳು.

ಅಕ್ಕೋರು ಕಣ್ಣೊರೆಸಿಕೊಂಡು ಸುತ್ತ ನೋಡಿದರು. "ಕುದರಿ ಎಲ್ಲಿ ಹೋತು? ಪಾಪ, ಅದೆಷ್ಟು ಶ್ಯಾಣ್ಯಾ ಅದ ನೋಡು. ನಾ ಎಷ್ಟ್ ಒದರಿದ್ರೂ ಹಂದಲಿಲ್ಲ. ನೀ ಕೂಗಿದ್ದೇ ತಡ, ಎಷ್ಟ್ ಚಂದ ಹೊಂಟಿತು! ಗಂಟಿ ಸಪ್ಪಳ ಕೇಳಿ ನನಗ ಅಷ್ಟ್ ಧೈರ್ಯ ಬಂತು, ಹೌಸಾ ಬಂದ್ಲು ಅಂತ. ಕರಿ ಅದನ್ನ, ಬರ್ತದ."

ಹೌಸಾ ಮರ ಹಿಡಿದು ಎದ್ದು ನಿಂತಳು. ಇನ್ನು ಅವಳ ದನಿಯಿಂದ ಯಾರಿಗೂ ಏನೂ ಆಗುವಂತಿರಲಿಲ್ಲ. ಬಲಕ್ಕೆ, ಬಿಳುಪಿನ ಕಡೆಗೆ ಮುಖ ಮಾಡಿ, ಎದೆಯಲ್ಲಿದ್ದಷ್ಟೂ ಉಸಿರು ಹಾಕಿ ಶೇವಂತೀ ಎಂದು ಕೂಗಿದಳು. ಹೆತ್ತ ಮಗುವನ್ನು ಮಣ್ಣಿಗಿಟ್ಟು ಬಂದವರು ಕೂಗುವ ಕೂಗು ಅದು.

ಆ ಕೂಗು ಕೇಳಿದ ಮೇಲೆ ಅಕ್ಕೋರು ಕುದುರೆ ಎಲ್ಲಿ ಎಂದು ಮತ್ತೆ ಕೇಳಲಿಲ್ಲ. ಎರಡೂ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡು, ಮರದ ಬುಡದಲ್ಲಿ ಕೂತೇ ಇದ್ದರು.