ಕೊಸರು

ಸುನಂದಾ ತಮ್ಮನಿಗೆ ಕೊಟ್ಟ ಮಾತು ಇಷ್ಟೇ: "ನೀ ಬಟನ್ ಒತ್ತೂ ತನಾ ಒಂದ ಹನಿ ನೀರೂ ಬರಂಗಿಲ್ಲ. ತಿಳೀತಿಲ್ಲೋ?"

ತಮ್ಮ ಕಾಂತು ಕಾಲುವೆಯ ಸಿಂದಗಿ ಗೇಟಿನ ಕಾವಲುಗಾರ. 2002ರಲ್ಲಿ ಆ ಕಾಲುವೆಗೂ ಕಂಪ್ಯೂಟರ್ ಬಂತು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಕೊನೆಗೆ ಇಂಡಿ: ನೀರು ಹರಿಯುವ ಕ್ರಮದಲ್ಲೇ ನಾಲ್ಕು ಗೇಟು. ಬಾಗೇವಾಡಿಯ ಕಚೇರಿಯಲ್ಲಿ ಕುಳಿತೇ ನಾಲ್ಕನ್ನೂ ಆಡಿಸುವ ಪ್ರೋಗ್ರಾಂ ಬರೆದವಳು ಸುನಂದಾ. ಗೇಟಿಗೊಂದು ಥ್ರೆಡ್, ಅಂದರೆ ತನ್ನ ಪಾಡಿಗೆ ತಾನು ಓಡುವ ಕೆಲಸದ ಎಳೆ. ಆದರೆ ಒಂದು ಗೇಟು ತೆರೆದು ಇನ್ನೊಂದು ಮುಚ್ಚಿದ್ದರೆ ಕಾಲುವೆಯ ಏರಿ ಒಡೆಯುತ್ತದೆ. ಅದಕ್ಕೇ ನಡುವೆ ಬ್ಯಾರಿಯರ್ ಹಾಕಿದ್ದಳು. ಅಲ್ಲಿಗೆ ಬಂದ ಎಳೆ ಉಳಿದ ಮೂರೂ ಬರುವ ತನಕ ನಿಂತಿರಬೇಕು.

ಕಚೇರಿಯ ಸಾಹೇಬರ ತಲೆಗೆ ಇದು ಹತ್ತದೆ ಹೋದಾಗ ಅವಳು ಮಠದ ಪಂಕ್ತಿಯನ್ನು ನೆನಪಿಸಿದಳು. "ಎಲ್ಲಾರ ತಾಟಿಗೂ ಬಡಸೂ ತನಾ ಯಾರೂ ತುತ್ತ ಎತ್ತಂಗಿಲ್ಲಲ್ರಿ? ಹಂಗ." ಸಾಹೇಬರು ತಲೆಯಾಡಿಸಿದರು. ತಿಳಿಯದೆ ತಲೆಯಾಡಿಸುವುದಕ್ಕೂ ಸಂಬಳ ಬರುತ್ತದೆ.

ಎಲ್ಲರೂ ಬಂದರೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಪ್ರತಿ ಗೇಟಿನವನೂ ತನ್ನ ಪಾಲಿನ ಕಾಲುವೆಯನ್ನು ನೋಡಿ ಬಂದು ಬಟನ್ ಒತ್ತಬೇಕು. ಒತ್ತಿದಾಗಲೆಲ್ಲ ಎಣಿಕೆ ಒಂದು ಏರುತ್ತದೆ. ನಾಲ್ಕಾದರೆ ಬ್ಯಾರಿಯರ್ ಬಿಡುತ್ತದೆ.

ಕಲಿಸುವ ದಿನ ಇಂಡಿಯ ಶ್ರೀಶೈಲಪ್ಪ ಬಟನ್ನನ್ನು ಎರಡು ಸಲ ಒತ್ತಿದ್ದ. ಚಡಚಣದ ಪೇಟೆಯಲ್ಲಿ ಇಪ್ಪತ್ತು ವರ್ಷ ಜೋಳ ಅಳೆದ ಕೈ ಅದು. ಸೇರು ತುಂಬಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಅವನು ಎದ್ದವನೇ ಅಲ್ಲ. "ಬರೇ ಅಳತಿ ಕೊಡಬಾರದವ್ವಾ, ಮನಿಗೆ ಒಳ್ಳೇದಲ್ಲ," ಎಂದ. ಎಲ್ಲರೂ ನಕ್ಕರು, ಸುನಂದಾಳೂ ನಕ್ಕಳು. ಆ ನಗುವಿನಲ್ಲಿ ಎಣಿಕೆ ಐದಾದದ್ದನ್ನು ಕಂಡಳು, ಕಂಡೂ ತಿದ್ದದೆ ಬಿಟ್ಟಳು.

ಜುಲೈ ತಿಂಗಳ ಒಂದು ಬುಧವಾರ ಮೊದಲ ಸಲ ನೀರು ಬಿಡುವುದೆಂದಾಯಿತು. ಸಿಂದಗಿಯ ಹತ್ತಿರ ಕಾಲುವೆ ಹಳ್ಳದ ಅಡಿಗೆ ಇಳಿದು, ಕತ್ತಲೆಯ ಕೊಳವೆಯಲ್ಲಿ ಹಾದು ಆಚೆ ಮೇಲೇಳುತ್ತದೆ. ಅದರೊಳಗೆ ಸಿಕ್ಕ ಜಾಲಿಮುಳ್ಳು ತೆಗೆಯಲು ಕೂಲಿಯ ಲಾಲಬಿಯೂ ಇನ್ನೂ ಆರು ಜನ ಹೆಂಗಸರೂ ಇಳಿದಿದ್ದರು, ಜೊತೆಗೆ ಕಾಂತು. ಹೆಂಗಸರನ್ನು ಮೇಲೆ ಕಳಿಸಿ, ತಾನು ಕೊನೆಯ ತನಕ ಬ್ಯಾಟರಿ ಹಿಡಿದು ನೋಡಿ, ಆಮೇಲೆ ಅರ್ಧ ಮೈಲಿ ನಡೆದು ಕೋಣೆಗೆ ಬಂದು ಬಟನ್ ಒತ್ತುವುದು ಅವನ ರೂಢಿ. ನಿಧಾನಿ. ಅದಕ್ಕಾಗಿ ಎಲ್ಲರಿಂದ ಬೈಸಿಕೊಂಡವನು.

ಹತ್ತೂ ಇಪ್ಪತ್ತಕ್ಕೆ ಪರದೆಯ ಮೇಲೆ ಎಣಿಕೆ ನಾಲ್ಕಾಯಿತು. ಗೇಟುಗಳು ತೆರೆದವು. 'ನಮ್ಮ ಕಾಂತು ಇವತ್ತ ಲಗೂ ಮುಗಿಸ್ಯಾನ' ಎಂದು ಸುನಂದಾ ಹಿಗ್ಗಿದಳು. ಚಹಾ ಕುಡಿದಳು. ಸಾಹೇಬರಿಗೆ ತೋರಿಸಲೆಂದು ವಿವರದ ಪುಟ ತೆಗೆದದ್ದು ಹನ್ನೆರಡು ನಿಮಿಷದ ಮೇಲೆ.

ಮುದ್ದೇಬಿಹಾಳ ಒಂದು. ಬಾಗೇವಾಡಿ ಒಂದು. ಇಂಡಿ ಎರಡು. ಸಿಂದಗಿಯ ಮುಂದೆ ಏನೂ ಇರಲಿಲ್ಲ.

ಸುನಂದಾ ಸಿಂದಗಿಗೆ ಫೋನ್ ಮಾಡಿದಳು. ಖಾಲಿ ಕೋಣೆಯಲ್ಲಿ ಅದು ರಿಂಗಾಯಿತು, ರಿಂಗಾಯಿತು, ನಿಂತಿತು. ಮುಚ್ಚುವ ಆಜ್ಞೆ ಕೊಟ್ಟಳು. ಅದಕ್ಕೂ ಬ್ಯಾರಿಯರ್ ಇತ್ತು, ಅವಳೇ ಹಾಕಿದ್ದು. ಮುಚ್ಚಬೇಕಾದರೂ ನಾಲ್ಕು ಬೇಕು. ಮುದ್ದೇಬಿಹಾಳ, ಬಾಗೇವಾಡಿಯವರಿಗೆ ಫೋನ್ ಮಾಡಿ ಒತ್ತಿಸಿದಳು. ಎರಡಾಯಿತು. ಯಂತ್ರ ಶಿಸ್ತಿನಿಂದ ಕಾಯುತ್ತ ನಿಂತಿತು.

ಆಗ ಇಂಡಿಗೆ ಫೋನ್ ಮಾಡಿದಳು. "ಶ್ರೀಶೈಲಪ್ಪಾ, ಬಟನ್ ಒತ್ರಿ! ಕೊಸರೂ ಹಾಕ್ರಿ!"

"ಹಾಕ್ದಂಗ ಬಿಡ್ತೇನೇನವ್ವಾ?" ಎಂದು ಮುದುಕ ಸಂತೋಷದಿಂದ ಎರಡು ಸಲ ಒತ್ತಿದ. ಮೂರು, ನಾಲ್ಕು. ಗೇಟುಗಳು ಮುಚ್ಚಿದವು.

ಆದರೆ ಅಷ್ಟೊತ್ತಿಗೆ ಇಪ್ಪತ್ತು ನಿಮಿಷದ ನೀರು ಬಾಗೇವಾಡಿ ಗೇಟು ದಾಟಿ ಸಿಂದಗಿಯ ದಾರಿ ಹಿಡಿದಿತ್ತು. ಹೋದ ನೀರನ್ನು ಹಿಂದಕ್ಕೆ ಕರೆಯುವ ಆಜ್ಞೆ ಅವಳು ಕಲಿತ ಯಾವ ಭಾಷೆಯಲ್ಲೂ ಇರಲಿಲ್ಲ. ಜೀಪು ಕಳಿಸಿದಳು. ತಡವಾಗಿ ಹೊರಟ ಜೀಪಿಗಿಂತ ನೀರು ಮೊದಲು ಮುಟ್ಟುತ್ತದೆಂದು ಅವಳಿಗೆ ಗೊತ್ತಿತ್ತು. ಗಡಿಯಾರ ನೋಡುತ್ತ, ಇಲ್ಲದ ದೇವರಿಗೆಲ್ಲ ಹರಕೆ ಹೊತ್ತಳು.

ಹನ್ನೊಂದೂಕಾಲಿಗೆ ಪರದೆಯ ಮೇಲೆ ಹೊಸ ಸಾಲು ಮೂಡಿತು. ಸಿಂದಗಿ, ಒಂದು.

"ಒತ್ಯಾನ! ನನ್ನ ತಮ್ಮ ಬಟನ್ ಒತ್ಯಾನ!" ಎಂದು ಸುನಂದಾ ಕುರ್ಚಿಯಿಂದ ಎದ್ದು ಕೂಗಿದಳು. ಸಾಹೇಬರು ಓಡಿ ಬಂದರು. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಅಷ್ಟರಲ್ಲಿ ಫೋನ್ ಬಂತು.

"ಕಾಂತೂ?"

"ನಾ ಲಾಲಬಿ ಅದೇನ್ರಿ ಅಕ್ಕಾರ. ಬಟನ್ ನಾನ ಒತ್ತೇನ್ರಿ. ನಿಮಗ ಸುದ್ದಿ ಮುಟ್ಲಿ ಅಂತ." ಓಡಿ ಬಂದ ಉಸಿರು ಇನ್ನೂ ನಿಂತಿರಲಿಲ್ಲ. "ನಾವು ಏಳೂ ಮಂದಿ ಮ್ಯಾಲ ಬಂದಿದ್ವಿರಿ. ಅಂವಾ ಕಡೀ ತನಾ ನೋಡಿ ಬರ್ತೇನಿ ಅಂತ ಒಳಗ ಹ್ವಾದ. ನೀರಿನ ಸಪ್ಪಳ ಕೇಳಾಕತ್ತೈತಿ, ಲಗೂ ಬಾರೋ ಅಂತ ಮ್ಯಾಲಿಂದ ಒದರಿದ್ವಿ. ಒಳಗಿಂದ ನಕ್ಕಾನ್ರಿ. 'ಯಾಕ ಅಂಜ್ತೀರಿ? ನಾ ಬಟನ್ ಒತ್ತೂ ತನಾ ನೀರು ಬರಂಗಿಲ್ಲ, ನಮ್ಮಕ್ಕ ಮಾತು ಕೊಟ್ಟಾಳ' ಅಂದಾನ್ರಿ."