ಬರೇ ಗಿಡ

"ಏ ರಂಡಿ, ಬಾಯಿ ತಗಿ ಪೈಪಿಂದ! ಸರಕಾರದ ಸಸಿಗಿ ತಂದ ನೀರದು. ನಿಮ್ಮಪ್ಪ ತುಂಬಿಟ್ಟಾನೇನು?"

ಟ್ಯಾಂಕರಿನ ಪೈಪಿಗೆ ಬೊಗಸೆಯೊಡ್ಡಿ ಬಾಗಿದ್ದ ಕೇಶರಬಾಯಿ ಬೆಚ್ಚಿಬಿದ್ದಳು. ನೀರು ಗಂಟಲಿಗಿಳಿಯುವ ಬದಲು ಕುಪ್ಪಸದ ಮೇಲೆ ಚೆಲ್ಲಿತು. ಗುತ್ತಿಗೆದಾರ ಹಾವಗೆಪ್ಪ ಮೋಟರ್ ಸೈಕಲ್ಲಿನಿಂದ ಇಳಿಯುವ ತ್ರಾಸನ್ನೂ ತೆಗೆದುಕೊಳ್ಳದೆ, ಒಂದು ಕಾಲು ನೆಲಕ್ಕೂರಿ ನಿಂತು ಬಯ್ಯುತ್ತಿದ್ದ.

"ಒಂದ್ ಗುಟುಕ್ರಿ ಸಾವ್ಕಾರ್ರ. ಗಂಟಲಾ ಒಣಗಿ ಕಟಗಿ ಆಗ್ಯಾದ."

"ನಿಮ್ಮ ಮಂದಿ ಬಾಯಿ ಹಚ್ಚಿದ ಪೈಪ ಆಮ್ಯಾಲ ಯಾವ ಸೂಳಿಮಗ ಹಿಡೀಬೇಕು? ತೊಳಿ ಅದನ್ನ. ತೊಳಿ ಅಂದ್ರ ತೊಳಿ!"

ಕೇಶರಬಾಯಿ ಪೈಪಿನ ಬಾಯನ್ನು ಪೈಪಿನ ನೀರಿನಿಂದಲೇ ತಿಕ್ಕಿ ತೊಳೆದಳು. ಅವಳು ಕುಡಿಯುತ್ತಿದ್ದುದರ ಎಷ್ಟೋ ಪಟ್ಟು ನೀರು ರಸ್ತೆಯ ಕೆಂಪು ಮಣ್ಣಿನಲ್ಲಿ ಹರಿದುಹೋಯಿತು. ಅದಕ್ಕೆ ಹಾವಗೆಪ್ಪನ ತಕರಾರೇನೂ ಇರಲಿಲ್ಲ.

ಅವಳು ನೀರು ಹಾಕುತ್ತಿದ್ದುದಾದರೂ ಎಂಥ ಸಸಿಗಳಿಗೆ! ಬೀದರಿನ ರಸ್ತೆ ಅಗಲ ಮಾಡುವಾಗ ಸಾಲು ಬೇವು, ಹುಣಸೆಗಳನ್ನು ಕಡಿದು, ಅವುಗಳ ಬದಲಿಗೆಂದು ಕಬ್ಬಿಣದ ಪಂಜರದೊಳಗೆ ನಿಲ್ಲಿಸಿದ ಕಡ್ಡಿಗಳು. ಬಹಳಷ್ಟು ಸತ್ತು ಎಷ್ಟೋ ಕಾಲವಾಗಿತ್ತು. ಸಾಹೇಬರ ಜೀಪು ಹಾಯುವ ದಿನ ಮಾತ್ರ ಬುಡ ಹಸಿಯಾಗಿ ಕಾಣಬೇಕಿತ್ತು. ಸತ್ತವಕ್ಕೆ ನೀರು ಹಾಕುವುದೇಕೆ ಎಂದು ಒಮ್ಮೆ ಕೇಳಿದ್ದಕ್ಕೆ ಹಾವಗೆಪ್ಪ ಅವಳ ಆ ದಿನದ ಕೂಲಿಯನ್ನೇ ನುಂಗಿ ನೀರು ಕುಡಿದಿದ್ದ. ಅಂದಿನಿಂದ ಅವಳು ಕೇಳುವುದು ಬಿಟ್ಟಳು, ಅನುಮಾನ ಪಡುವುದು ಬಿಡಲಿಲ್ಲ.

ಮಳೆ ಬೆನ್ನು ಹಾಕಿ ಹೋದ ವರ್ಷಗಳವು. ಔರಾದ ಕಡೆಯ ಹಳ್ಳಿಗಳು ಬರಿದಾಗಿದ್ದವು. ಮೈಯಲ್ಲಿ ಕಸುವಿದ್ದವರು ಹೈದರಾಬಾದ್, ಪುಣೆ ಎಂದು ರೈಲು ಹತ್ತಿದರು. ಕೇಶರಬಾಯಿಯ ಮಗ ಮಚ್ಛೇಂದ್ರನೂ ಪುಣೆಗೆ ಹೋದ. ಬಸುರಿ ಸೊಸೆ ಕಾಂತಾಬಾಯಿಯನ್ನು ಕರೆದುಕೊಂಡು ಅಷ್ಟು ದೂರ ಹೋಗಲಾರದೆ ಕೇಶರಬಾಯಿ ಬೀದರಿಗೆ ಬಂದಳು. ಊರ ಅಂಚಿನ ಖಾಲಿ ಜಾಗದಲ್ಲಿ ಒಂದು ಹಳೆಯ ಬೇವು ಇತ್ತು. ಅದರ ಬುಡದಲ್ಲಿ ಅವಳಂಥವೇ ಹಲವು ಸಂಸಾರಗಳು ಸೀರೆ, ತಾಡಪತ್ರಿ ಕಟ್ಟಿಕೊಂಡು ಬಿದ್ದಿದ್ದವು. ಕಾಂತಾಬಾಯಿ ಹೆತ್ತದ್ದು ಅದರ ಕೆಳಗೇ. ಕೂಸಿನ ತೊಟ್ಟಿಲು ತೂಗುತ್ತಿದ್ದುದೂ ಅದರ ಕೆಳಟೊಂಗೆಗೇ.

ಆ ಜಾಗ ಹಾವಗೆಪ್ಪ ಕೊಂಡದ್ದು. ಅಲ್ಲಿ ಮದುವೆ ಹಾಲ್ ಕಟ್ಟಬೇಕೆಂದು ಅವನಿಗೆ ಬಹಳ ದಿನದ ಆಸೆ. ಆದರೆ ಅಷ್ಟು ದೊಡ್ಡ ಹಸಿ ಬೇವನ್ನು ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ ಎಂಬ ನಿಯಮ ಅಡ್ಡ ಬಿದ್ದಿತ್ತು. ಬೇವು ನಿಂತಿರುವ ತನಕ ಹಾಲ್ ಏಳುವುದಿಲ್ಲ, ಹಾಲ್ ಏಳುವ ತನಕ ತಮ್ಮನ್ನು ಯಾರೂ ಎಬ್ಬಿಸುವುದಿಲ್ಲ. ಇಷ್ಟು ಲೆಕ್ಕ ಕೇಶರಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಥ ಹಾವಗೆಪ್ಪ ಒಂದು ಮುಂಜಾನೆ ಬೇವಿನ ಕೆಳಗೆ ಬಂದು ಚಪ್ಪಲಿ ಕಳಚಿ ಕೂತ. ಕೈಯಲ್ಲಿ ಚಹಾದ ಥರ್ಮಾಸು ಬೇರೆ.

"ಆರಾಮ ಇದ್ದೀಯೇನವ್ವ ಕೇಶರಬಾಯಿ? ಸೊಸಿ, ಮಮ್ಮಗ ಹ್ಯಾಂಗದಾರ?"

ರಂಡಿ ಹೋಗಿ ಅವ್ವ ಆದದ್ದಕ್ಕೇ ಕೇಶರಬಾಯಿಗೆ ಅನುಮಾನ ಬಂತು. ಚಹಾದ ಕಪ್ಪನ್ನು ಅವಳು ಮುಟ್ಟಲಿಲ್ಲ. ಭಾಲ್ಕಿ ತಾಲೂಕಿನ ಹಲಬರ್ಗಾದಿಂದ ಬಂದಿದ್ದ ಪಂಢರಿ ಮಾತ್ರ, ಬಂದದ್ದು ಬರಲಿ ಎಂದು, ತನ್ನದನ್ನೂ ಅವಳದನ್ನೂ ಕುಡಿದು ಮುಗಿಸಿದ.

"ನಾಳಿ ಹಸಿರು ಸಮಿತಿ ಮೀಟಿಂಗ್ ಅದ. ನಿಯಮ ಎಲ್ಲಾ ಹೊಸದಾಗಿ ಬರೀಲತ್ತಾರ. ಮಂದಿ ಏನಂತಾರ ಅಂತ ಸಾಹೇಬ್ರು ಖುದ್ದ ಕೇಳ್ತಾರ. ನೀ ಬಂದು ಹೇಳಬೇಕು."

"ನಾ ಏನ್ ಹೇಳ್ಲಿ ಸಾವ್ಕಾರ್ರ?"

"ಖರೇ ಹೇಳು. ಇಲ್ಲಿ ಬೇವಿನ ಗಿಡ ಅದ ಅಂತ ಹೇಳು. ಅಂಜಬ್ಯಾಡ. ಜೋರಾಗಿ ಹೇಳು, ಗಿಡ ಅದ ಅಂತ."

ಅವನು ಹೋದ ಮೇಲೂ ಕೇಶರಬಾಯಿ ಕೂತಲ್ಲಿಂದ ಏಳಲಿಲ್ಲ. ಸುಳ್ಳು ಹೇಳು ಎಂದಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಯಾವ ಸಾವ್ಕಾರನೂ ಅವಳಿಗೆ ಖರೇ ಹೇಳು ಎಂದಿರಲಿಲ್ಲ.

"ಏನೋ ಅದ ಪಂಢರಿ," ಎಂದಳು. "ಈ ಭಾಡ್ಯಾ ಸುಮ್ಮ ಚಾ ಕುಡಸಾಂವ ಅಲ್ಲ."

"ನೀ ಎಲ್ಲಾದಕ್ಕೂ ಸಂಶೇ ಪಡ್ತಿ ನೋಡಕ್ಕ. ಅದನ್ನ ಹೇಳದಿದ್ರ ಮತ್ತೇನ್ ಹೇಳ್ತಿ? ಗಿಡ ಇಲ್ಲಂತಿಯೇನು?"

ಅದೂ ನಿಜವೇ. ರಾತ್ರಿಯಿಡೀ ಯೋಚಿಸಿದರೂ ಅವಳಿಗೆ ಮೋಸ ಎಲ್ಲಿದೆ ಎಂಬುದು ಹೊಳೆಯಲಿಲ್ಲ. ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬಾರದು, ಅವರು ಕೊಟ್ಟದ್ದೇನನ್ನೂ ಬಾಯಿಗೆ ಹಾಕಬಾರದು ಎಂದು ಗಟ್ಟಿ ಮಾಡಿಕೊಂಡು ಮರುದಿನ ಹೊರಟಳು.

ಮೀಟಿಂಗ್ ಹಾಲಿನಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಮುಂದಿನ ಕುರ್ಚಿಗಳಲ್ಲಿ ಹಾವಗೆಪ್ಪ ಮತ್ತು ಅವನ ಗೆಳೆಯರು, ಗೋಡೆಗೆ ಒತ್ತಿ ನೆಲದ ಮೇಲೆ ಬೇವಿನ ಕೆಳಗಿನವರು. ಮೈಸೂರು ಕಡೆಯ ಸಾಹೇಬರು ಕನ್ನಡಕ ಏರಿಸಿಕೊಂಡು ಹೊಸ ನಿಯಮ ಓದಿದರು. ಮರ ಕಡಿಯಲು ಅಪ್ಪಣೆ ಬೇಕು. ಒಂದು ಮರಕ್ಕೆ ಬದಲಾಗಿ ಇಂತಿಷ್ಟು ಸಸಿ ನೆಡಬೇಕು, ಅವನ್ನು ಬದುಕಿಸಿ ತೋರಿಸಬೇಕು. ಗಿಡಗಂಟಿ ತೆಗೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಪುಸ್ತಕದ ಆ ಕನ್ನಡ ಕೇಶರಬಾಯಿಯ ತಲೆಯ ಮೇಲೆಯೇ ಹಾದುಹೋಯಿತು. ಅವಳು ಶಾಲೆಯ ಕಟ್ಟೆ ಹತ್ತಿದವಳಲ್ಲ.

ಅವಳ ಸರದಿ ಬಂತು. ಹಾವಗೆಪ್ಪ ತಾನೇ ಎದ್ದು ಬಂದು ಮೈಕು ಹಿಡಿದ.

"ನೋಡಮ್ಮ, ನೀವಿರೋ ಜಾಗದಲ್ಲಿ ಮರ ಇದೆಯಾ?" ಸಾಹೇಬರು ಕೇಳಿದರು.

ಕೇಶರಬಾಯಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಔರಾದಿನ ಹೆಣ್ಣುಮಕ್ಕಳ ಬಾಯಲ್ಲಿ ಮರವೆಂದರೆ ಜೋಳ ಹಸನು ಮಾಡುವ ಮೊರ. ಬಡವರ ಮನೆಯ ಸಾಮಾನು ಬರೆದುಕೊಳ್ಳುತ್ತಿದ್ದಾರೇನೋ ಎಂದುಕೊಂಡಳು.

"ಒಂದ್ ಅದ್ರಿ ಸಾಹೇಬ್ರ. ಅದೂ ಹರದದ."

"ಹರಿದಿದೆಯಾ? ಎಷ್ಟು ದೊಡ್ಡದು?"

ಅವಳು ಎರಡೂ ಕೈ ಚಾಚಿ ಮೊರದ ಅಗಲ ತೋರಿಸಿದಳು. ಮುಂದಿನ ಸಾಲು ಹೋ ಎಂದು ನಕ್ಕಿತು. ಬರೆದುಕೊಳ್ಳುತ್ತಿದ್ದ ಊರಿನ ಗುಮಾಸ್ತ ತುಟಿ ಕಚ್ಚಿ ತಲೆ ತಗ್ಗಿಸಿದ.

"ಅಷ್ಟೇನಾ? ಬೇರೆ ಯಾವ ಮರವೂ ಇಲ್ವಾ?"

"ಬಡವರ ಮನ್ಯಾಗ ಎಷ್ಟ್ ಮರ ಇರ್ತಾವ್ರಿ? ಮರದ್ ಮಾತ್ ಬಿಡ್ರಿ ಸಾಹೇಬ್ರ. ನಮ್ಮಲ್ಲಿ ಗಿಡ ಅದ್ರಿ. ಬೇವಿನ ಗಿಡ!"

"ಗಿಡನಾ, ಮರನಾ? ಸರಿಯಾಗಿ ಯೋಚಿಸಿ ಹೇಳಮ್ಮ."

"ಅಯ್ಯ, ಮರ ಯಾಕಾಗ್ತದ್ರಿ! ಗಿಡ ಅದು. ಬುದ್ಧನ ಆಣಿ ಮಾಡಿ ಹೇಳ್ತೇನಿ, ಗಿಡ ಅದ, ಗಿಡ ಅದ!"

ಅವಳು ಎದೆ ತಟ್ಟಿಕೊಂಡು ಹೇಳಿದಳು. ಹಾವಗೆಪ್ಪ ಮೈಕನ್ನು ಅವಳ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. ಪಂಢರಿಗೆ ಏನೋ ಹೊಳೆದಂತಾಗಿ ಎದ್ದು ನಿಂತ.

"ಸಾಹೇಬ್ರ, ಆಕಿ ಅಂಬೂದು..."

"ಕೂಡೋ ಹಾಟ್ಯಾ! ನಿನಗ ಕೇಳ್ಯಾರೇನು?" ಹಾವಗೆಪ್ಪನ ಗೆಳೆಯನೊಬ್ಬ ಅವನ ಹೆಗಲು ಒತ್ತಿ ಕೂರಿಸಿದ.

ಹಾಲಿನ ತುಂಬ ಬೀದರಿನವರೇ ಇದ್ದರು. ಗಿಡವೆಂದರೆ ಏನೆಂದು ಅವರಲ್ಲಿ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಯಾರೂ ಬಾಯಿ ಬಿಡಲಿಲ್ಲ.

"ಅಲ್ಲಿ ವಾಸ ಮಾಡೋರೇ ಹೇಳ್ತಿದ್ದಾರಲ್ಲ," ಎಂದರು ಸಾಹೇಬರು. "ಮರ ಇಲ್ಲ. ಗಿಡ ಇದೆ. ತೆಗೆಯೋಕೆ ನಮ್ಮ ಅಪ್ಪಣೆ ಬೇಕಿಲ್ಲ. ಮುಂದಿನವರು ಬನ್ನಿ."

ಹೊರಗೆ ಬಂದಾಗ ಕೇಶರಬಾಯಿಯ ಮುಖದಲ್ಲಿ ಗೆಲುವಿತ್ತು. ಎಲ್ಲಿಯೂ ಹೆಬ್ಬೆಟ್ಟು ಒತ್ತಿರಲಿಲ್ಲ. ಟ್ಯಾಂಕರ್ ಓಡಿಸುವ ಚಾಂದ ಪಾಶಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದ್ದ. ಲಾರಿ ಹೊಡೆದುಕೊಂಡು ಮೈಸೂರಿನ ತನಕ ಹೋಗಿಬಂದವನು.

"ಖಾಲಾ, ಏನ್ ಮಾಡಿಬಿಟ್ಟಿ?" ಎಂದ. "ಅವ್ರ ಕಡಿ ಮರ ಅಂದ್ರ ನಮ್ ಗಿಡ. ಗಿಡ ಅಂದ್ರ ಇಷ್ಟ ಇಷ್ಟ ಇರ್ತಾವಲ್ಲ, ತುಳಸಿ, ಬದ್ನಿಕಾಯಿ, ಅಂಥವು. ನಿನ್ ಬಾಯಿಂದನೇ ಬೇವಿಗಿ ಬದ್ನಿ ಗಿಡ ಅನಿಸ್ಯಾರ."

ಕೇಶರಬಾಯಿ ಚಹಾದ ಮೇಲೆ, ಕಾಗದದ ಮೇಲೆ, ಮೈಕಿನ ಮೇಲೆ, ಎಲ್ಲದರ ಮೇಲೂ ಕಣ್ಣಿಟ್ಟಿದ್ದಳು. ಅವ್ವ ಕಲಿಸಿದ ಮಾತಿನ ಮೇಲೆ ಅನುಮಾನ ಪಡಬೇಕೆಂದು ಅವಳಿಗೆ ಹೇಗೆ ಗೊತ್ತಾಗಬೇಕು! ನಾಲಿಗೆ ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು.

"ಸಾಹೇಬ್ರಿಗಿ ಗೊತ್ತಿರಲಿಕ್ಕಿಲ್ಲ ಪಾಶಾ. ಪರಊರವ್ರು."

"ಬಂದು ವರ್ಷ ಆಯ್ತ ಖಾಲಾ. ದಿನಾ ಡ್ರೈವರಗ, ಗಾಡಿ ಗಿಡದ ಬುಡಕ ಹಚ್ಚು ಅಂತಾರ. ನಾ ಕಿವಿಲಿಂದ ಕೇಳೇನಿ."

ಅಂದರೆ ಸಾಹೇಬರಿಗೂ ಗೊತ್ತಿತ್ತು. ಸಿಟ್ಟು ನಾಲಿಗೆಯನ್ನು ಬಿಟ್ಟು ಬೇರೆ ಕಡೆ ಹೊರಳಿತು.

ಹಾವಗೆಪ್ಪ ತಡಮಾಡಲಿಲ್ಲ. ಮರುದಿನ ಬೆಳಗ್ಗೆಯೇ ಕೊಯ್ಯುವ ಮಷೀನು, ಆಳುಗಳು ಬಂದರು. ಥರ್ಮಾಸು ಬಂದಿರಲಿಲ್ಲ.

"ತೊಟ್ಲ ಬಿಚ್ಚ್ರಿ! ಇಲ್ಲಾಂದ್ರ ಕೂಸಿನ ಸಮೇತ ಬೀಳ್ತದ. ಆಮ್ಯಾಲ ನನ್ ಹೆಸರ್ಲೆ ಹೊಯ್ಕೋಬ್ಯಾಡ್ರಿ."

ಕಾಂತಾಬಾಯಿ ಕೂಸನ್ನು ಎದೆಗೆ ಅವುಚಿಕೊಂಡು ತೊಟ್ಟಿಲಿನ ಗಂಟು ಬಿಚ್ಚಿದಳು. ಒಂದೇ ಕೈಯಲ್ಲಿ ಬಿಚ್ಚಲಾಗದೆ ಹಲ್ಲಿನಿಂದ ಎಳೆದಳು. ಮಷೀನಿನ ಸದ್ದಿಗೆ ಕೂಸು ಕಿರುಚತೊಡಗಿತು. ಮಧ್ಯಾಹ್ನದ ಹೊತ್ತಿಗೆ ಬೇವು ಉರುಳಿತು. ಸಂಸಾರಗಳ ಮೇಲೆ ಬಿಸಿಲು ಒಮ್ಮೆಲೇ ಬಂದು ಬಿತ್ತು. ಅಡುಗೆಯ ಒಲೆ, ಕೊಡಪಾನ, ಹರಿದ ಕೌದಿ, ಯಾವುದಕ್ಕೂ ಮರೆಯಿಲ್ಲದಂತಾಯಿತು.

"ಸಂಜೀತನಾ ಜಾಗಾ ಖಾಲಿ ಆಗ್ಬೇಕು," ಎಂದ ಹಾವಗೆಪ್ಪ. ಕಾಂಡ ಒಯ್ಯಲು ಲಾರಿ ಬರುವುದಿತ್ತು. ಹೊಸ ನಿಯಮ ಬಿಡುಗಡೆಯ ಸಮಾರಂಭಕ್ಕೆ ಅವನಿಗೂ ಕರೆಯಿತ್ತು. ಆಳುಗಳನ್ನು ಊಟಕ್ಕೆ ಬಿಟ್ಟು, ತಾನು ಬಿಳಿ ಅಂಗಿ ಹಾಕಿಕೊಳ್ಳಲು ಮನೆಗೆ ಹೋದ.

ಕೇಶರಬಾಯಿ ಬಿದ್ದ ಬೇವಿನ ಸುತ್ತ ಒಮ್ಮೆ ಓಡಾಡಿದಳು. ತೊಟ್ಟಿಲು ಕಟ್ಟಿದ್ದ ಕೆಳಟೊಂಗೆ ಎಲೆಗಳ ಸಮೇತ ಬೇರೆಯಾಗಿ ಬಿದ್ದಿತ್ತು. ಒಬ್ಬರ ತೋಳಿನಲ್ಲಿ ಹಿಡಿಯದಷ್ಟು ದಪ್ಪವಿತ್ತು.

"ಪಂಢರಿ, ಹಗ್ಗ ತಾ."

"ಎಲ್ಲಿಗಕ್ಕ?"

"ಸಾಹೇಬ್ರು ಗಿಡ ನೋಡೇ ಇಲ್ಲಲ್ಲ. ತೋರ್ಸಿ ಬರೂನು."

ಟ್ಯಾಂಕರಿನ ಹಗ್ಗ ಎಲ್ಲಿ ಹೋಯಿತೆಂದು ಚಾಂದ ಪಾಶಾ ಆ ದಿನ ಯಾರನ್ನೂ ಕೇಳಲಿಲ್ಲ. ಹಗ್ಗ ಸಾಲದ್ದಕ್ಕೆ ಹೆಂಗಸರು ನೆರಳಿಗೆ ಕಟ್ಟಿದ್ದ ಸೀರೆಗಳನ್ನು ಬಿಚ್ಚಿ ಹೊಸೆದರು. ಗಂಡಸು, ಹೆಂಗಸು, ಮುದುಕರು ಎಲ್ಲರೂ ಕೈ ಹಚ್ಚಿದರು. ಟೊಂಗೆ ಡಾಂಬರಿನ ಮೇಲೆ ಕರಕರ ಸದ್ದು ಮಾಡುತ್ತ ಹೊರಟಿತು. ಅಂಗಡಿಗಳವರು ಎದ್ದು ನಿಂತು ನೋಡಿದರು. ಚೌಕದಲ್ಲಿ ಪೊಲೀಸಪ್ಪ ಲಾಠಿ ಅಡ್ಡ ಹಿಡಿದ.

"ಏನದು? ಎಲ್ಲಿಗೊಯ್ಲತ್ತೀರಿ?"

"ಗಿಡ ಒಯ್ಲತ್ತೇವ್ರಿ," ಎಂದಳು ಕೇಶರಬಾಯಿ. "ಗಿಡಕ್ಕ ಯಾರ ಅಪ್ಪಣೀನೂ ಬ್ಯಾಡಂತ ಸಾಹೇಬ್ರೇ ಅಂದಾರ. ಕೇಳಿ ನೋಡ್ರಿ ಬೇಕಾದ್ರ."

ಹಿಂದೆ ನಿಂತ ಬಸ್ಸು ಹಾರನ್ ಹೊಡೆಯುತ್ತಿತ್ತು. ಲಾಠಿ ಪಕ್ಕಕ್ಕೆ ಸರಿಯಿತು.

ಸಮಾರಂಭ ನಡೆಯುತ್ತಿದ್ದ ಅದೇ ಮೀಟಿಂಗ್ ಹಾಲಿಗೆ ಒಂದೇ ಬಾಗಿಲು. ಒಳಗೆ ಚಪ್ಪಾಳೆ, ಫೋಟೋ. ಹೊರಗೆ ಇವರು ಟೊಂಗೆಯನ್ನು ಬಾಗಿಲಿನ ಚೌಕಟ್ಟಿಗೆ ಒತ್ತಿ ನಿಲ್ಲಿಸಿ, ಎಲ್ಲರೂ ಸೇರಿ ನೂಕಿದರು. ಬಾಗಿಲು ತುಂಬ ಎಲೆಗಳು ಒತ್ತೊತ್ತಾಗಿ ನಿಂತವು. ಕೇಶರಬಾಯಿ ಅದರ ಬುಡದ ಮೇಲೆ ಏರಿ ಕೂತಳು. ಕಾಂತಾಬಾಯಿ ಕೂಸಿನೊಂದಿಗೆ ಪಕ್ಕದಲ್ಲಿ ಕೂತು ಮೊಲೆಯೂಡಿಸತೊಡಗಿದಳು.

ಮೊದಲು ಹೊರಬರಲು ನೋಡಿದವರು ಸಾಹೇಬರು. ಎಲೆಗಳ ಸಂದಿನಿಂದ ಅವರ ಕನ್ನಡಕ ಕಾಣಿಸಿತು. ಹಿಂದೆ ಬಿಳಿ ಅಂಗಿಯ ಹಾವಗೆಪ್ಪ.

"ಯಾರ್ರೀ ಇದು? ಏನ್ರೀ ಇದು ಬಾಗಿಲಲ್ಲಿ?"

"ಗಿಡ ಅದ್ರಿ ಸಾಹೇಬ್ರ," ಎಂದಳು ಕೇಶರಬಾಯಿ. "ಬರೇ ಗಿಡ. ದಾಟಿ ಬರ್ರಿ."

ಸಾಹೇಬರು ಒಂದು ಕಾಲು ಎತ್ತಿ ಇಟ್ಟರು. ಪ್ಯಾಂಟು ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದುಕೊಳ್ಳುವಾಗ ಚರ್ರೆಂದು ಹರಿಯಿತು. ಹಾವಗೆಪ್ಪ ಒಳಗಿನಿಂದಲೇ ಅವಳ ಅವ್ವ, ಅಜ್ಜಿಯರನ್ನೆಲ್ಲ ಎತ್ತಿ ಬಯ್ಯತೊಡಗಿದ.

"ತಲೆ ಕೆಟ್ಟಿದೆಯೇನ್ರೀ ನಿಮಗೆ?" ಸಾಹೇಬರು ಕಿರುಚಿದರು. "ಇಷ್ಟು ದೊಡ್ಡ ಮರ ತಂದು ಬಾಗಿಲಿಗೆ ಹಾಕಿದ್ರೆ ಮನುಷ್ಯರು ಹೇಗ್ರೀ ಓಡಾಡೋದು?"

ಹಾವಗೆಪ್ಪನ ಬಯ್ಗುಳ ಅಲ್ಲಿಗೇ ನಿಂತಿತು. ಪಂಢರಿ ಕೇಶರಬಾಯಿಯ ಮುಖ ನೋಡಿದ.

"ಏನಂದ್ರಿ?" ಕೇಶರಬಾಯಿ ಮುಂದಕ್ಕೆ ಬಾಗಿದಳು. "ಇನ್ನೊಮ್ಮಿ ಅನ್ರಿ ಸಾಹೇಬ್ರ. ಇದು ಅದರ ಒಂದ್ ಟೊಂಗಿ ಅಷ್ಟರಿ. ಏನಂದ್ರಿ ಇದಕ್ಕ?"

ಸಾಹೇಬರು ಹರಿದ ಪ್ಯಾಂಟು ಹಿಡಿದುಕೊಂಡು ಹಿಂದೆ ಸರಿದರು. ದೂರದಲ್ಲಿ ಪೊಲೀಸ್ ಜೀಪಿನ ಸದ್ದು ಕೇಳಿಸಿತು. ಕೇಶರಬಾಯಿ ಎರಡೂ ತೋಳಿನಿಂದ ಟೊಂಗೆಯನ್ನು ಅಪ್ಪಿಕೊಂಡಳು. ಉಳಿದವರು ಒಬ್ಬೊಬ್ಬರಾಗಿ ಬಂದು ಅದರ ಮೇಲೆ ಕೂತರು. ಒಳಗಿದ್ದವರು ಒಳಗೇ ಉಳಿದರು.